ಮಗಳು ಪತ್ರಕರ್ತೆ ಆಗ್ತಾಳಂತೆ, ಹೂಂ ಅನ್ನಲಾ? (ಕಾಠ್ಮಂಡುವಿನಿಂದ)

ಪೀಪಲ್‌ಬೋಟ್ · 26 ಅಕ್ಟೋಬರ್ 2025, ಬೆಳಿಗ್ಗೆ 8.10

ಎಲ್ಲರಿಗೂ ನಮಸ್ಕಾರ. ಕನ್ನಡದಲ್ಲಿ ಇಷ್ಟುದ್ದ ಬರೆದು ಬಹಳ ವರ್ಷ ಆಯ್ತು. ಒತ್ತು, ದೀರ್ಘ ಎಲ್ಲಾದರೂ ಜಾರಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಾನು ನೇಪಾಳದವನು. ಊರು ಅಛಾಮ್ ಜಿಲ್ಲೆ, ದೇಶದ ಪಶ್ಚಿಮದ ಬೆಟ್ಟಗಳ ಕಡೆ. ಅಪ್ಪ ಬೆಂಗಳೂರಿನ ಹನುಮಂತನಗರದಲ್ಲಿ ರಾತ್ರಿ ಕಾವಲು ಕಾಯುತ್ತಿದ್ದರು. ಸೀಟಿ, ಕೋಲು, ತಿಂಗಳಿಗೊಮ್ಮೆ ಮನೆಮನೆಗೆ ಹೋದರೆ ಐದೋ ಹತ್ತೋ ರೂಪಾಯಿ. ಬೀದಿಗೆಲ್ಲ ಅವರು ‘ಗೂರ್ಖಾ’. ಅವರ ನಿಜವಾದ ಹೆಸರು ಗೊತ್ತಿದ್ದದ್ದು ಒಬ್ಬರು ಟೀಚರ್‌ಗೆ ಮಾತ್ರ. ನನ್ನನ್ನು ಸರ್ಕಾರಿ ಕನ್ನಡ ಶಾಲೆಗೆ ಸೇರಿಸಿದ್ದೂ ಅವರೇ. 1997ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಕಾಠ್ಮಂಡುವಿಗೆ ಬಂದೆ. 2002ರಿಂದ ಪತ್ರಕರ್ತ. ಮೊದಲು ಎಫ್‌ಎಂ ರೇಡಿಯೋ, ಆಮೇಲೆ ಪತ್ರಿಕೆ, ಈಗ ವೆಬ್‌ಸೈಟ್.

ಮಗಳಿಗೆ ಹದಿನೆಂಟು. ಈ ಸೆಪ್ಟೆಂಬರ್ 8ರಂದು, ಭ್ರಷ್ಟಾಚಾರ ಮತ್ತು ಆ್ಯಪ್ ನಿಷೇಧದ ವಿರುದ್ಧ ಹುಡುಗರ ಪ್ರತಿಭಟನೆ ಅಂತ, ಕಾಲೇಜು ಯೂನಿಫಾರ್ಮಿನಲ್ಲೇ ಕಾಠ್ಮಂಡುವಿನ ಮೈತಿಘರ್‌ಗೆ ಹೋದಳು. ಅಲ್ಲಿಂದ ಸಂಸತ್ತಿನ ಕಡೆ, ನಯಾ ಬಾನೇಶ್ವರಕ್ಕೆ ಮೆರವಣಿಗೆ. ಗೋಲಿಬಾರ್ ಆಗಿದ್ದು ಅಲ್ಲೇ. ಆ ಒಂದೇ ದಿನ 19 ಜನ ಸತ್ತರು. ಸಂಜೆ ನಾಲ್ಕಕ್ಕೆ ಮನೆಗೆ ಬಂದಳು. ಎಡಗಾಲಲ್ಲಿ ಶೂ ಇರಲಿಲ್ಲ, ಸಾಕ್ಸ್ ಕಪ್ಪಾಗಿತ್ತು. ರಾತ್ರಿವರೆಗೆ ಮಾತಿಲ್ಲ. ಊಟಕ್ಕೆ ಕೂತಾಗ ಕೇಳಿದಳು: ‘ಅಪ್ಪಾ, ಇಷ್ಟು ವರ್ಷ ನೀವೆಲ್ಲ ಬರೆದಿದ್ದೇನು? ಸರಿಯಾಗಿ ಬರೆದಿದ್ದರೆ ನಾವು ಯಾಕೆ ಹೋಗಬೇಕಿತ್ತು?’

ಉತ್ತರ ಬರಲಿಲ್ಲ. ಬೇಳೆ ಬಡಿಸಿಕೊಂಡೆ.

ಮೊನ್ನೆ ತಿಹಾರ್ ಹಬ್ಬದಲ್ಲಿ ಅವಳದೇ ಹೊಸ ಮಾತು. ಪತ್ರಿಕೋದ್ಯಮ ಓದುತ್ತಾಳಂತೆ. ಅದೂ ಮೈಸೂರಲ್ಲಿ. ಹೆಂಡತಿ ಖಡಾಖಂಡಿತ ಬೇಡ ಅಂದಳು. ‘ಈ ಮನೆಯಲ್ಲಿ ಸಂಬಳ ಬರದ ಪತ್ರಕರ್ತರು ಒಬ್ಬರು ಸಾಕು’ ಅಂತ. ತಪ್ಪೇನಿಲ್ಲ, ನನಗೆ ನಾಲ್ಕು ತಿಂಗಳ ಸಂಬಳ ಬಾಕಿ.

ನಿಮ್ಮ ಅಭಿಪ್ರಾಯ ಹೇಳಿ. ಕಳಿಸಲಾ? ನಿಮ್ಮ ಕಡೆ ಈ ಕೆಲಸ ಹೇಗಿದೆ? ಸುಮ್ನೆ ಸಮಾಧಾನಕ್ಕೆ ಹೇಳಬೇಡಿ.

ಹುಬ್ಬಳ್ಳಿ ಮಂದಿ

ಏನ್ ಚಂದ ಕನ್ನಡ ರೀ ನಿಮ್ದು! ನಮ್ಮ ಮಕ್ಕಳಿಗಿಂತ ಛಲೋ ಐತಿ. ಕಳಸ್ರಿ ಹುಡುಗೀನ.

ಪ್ರಶ್ನೆ ಪರಮೇಶಿ

ನನಗೇಕೋ ಅನುಮಾನ. ನೇಪಾಳದ ಪತ್ರಕರ್ತರು ಹೀಗೆ ಕನ್ನಡ ಬರೆಯುತ್ತಾರಾ? ಯಾರೋ ಬೆಂಗಳೂರಲ್ಲೇ ಕೂತು ಕತೆ ಕಟ್ಟುತ್ತಿದ್ದಾರೆ. ಮತ್ತೆ ಈ ಪೀಪಲ್ ಬೋಟ್ ಅಂದ್ರೇನು? ಜನರ ದೋಣಿನಾ?

ಪೀಪಲ್‌ಬೋಟ್

ಪರಮೇಶಿ ಸರ್, ಅನುಮಾನ ಒಳ್ಳೆಯದೇ, ನಮ್ಮ ಕಸುಬೇ ಅದು. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಪ್ರಥಮ ಭಾಷೆ ಕನ್ನಡ, 125ಕ್ಕೆ 97. ಕೆಂಪು ಬಿಟಿಎಸ್ ಬಸ್ಸಲ್ಲಿ ಫುಟ್‌ಬೋರ್ಡ್ ಹಿಡಿದು ಮಾರ್ಕೆಟ್‌ಗೆ ಹೋದವನು ನಾನು. ಬಿಎಂಟಿಸಿ ಅನ್ನೋ ಹೆಸರು ನಾನು ಊರು ಬಿಟ್ಟ ಮೇಲೆ ಕೇಳಿದ್ದು. ಇನ್ನೇನು ಸಾಕ್ಷಿ ಬೇಕು?

ಬೋಟ್ ಅಂದರೆ ನೇಪಾಳಿಯಲ್ಲಿ ಗಿಡ, ಮರ. ಪೀಪಲ್‌ಬೋಟ್ ಅಂದರೆ ಅರಳಿ ಮರ. ಕಾಠ್ಮಂಡುವಿನ ನ್ಯೂ ರೋಡ್‌ನಲ್ಲಿ ಒಂದಿದೆ. ಕೆಳಗೆ ಪತ್ರಿಕೆ ಮಾರುವವರು, ಶೂ ಪಾಲಿಶ್ ಮಾಡುವವರು. ಹಳೇ ಕಾಲದಿಂದ ಊರಿನ ರಾಜಕೀಯ ಮಾತೆಲ್ಲ ಅಲ್ಲೇ. ಒಬ್ಬ ಪತ್ರಿಕೆ ಕೊಂಡರೆ ಆರು ಜನ ಅವನ ಹೆಗಲ ಮೇಲಿಂದ ಓದುತ್ತಾರೆ. ಹಿಂದಿನವನು ‘ಪುಟ ತಿರುಗಿಸು ದಾಇ (ಅಣ್ಣಾ)’ ಅನ್ನುತ್ತಾನೆ, ಕೊಂಡವನು ತಿರುಗಿಸುತ್ತಾನೆ. ನಾನು ಪತ್ರಿಕೋದ್ಯಮ ಕಲಿತದ್ದು ಕಾಲೇಜಲ್ಲಿ ಕಡಿಮೆ, ಆ ಕಟ್ಟೆ ಮೇಲೆ ಜಾಸ್ತಿ.

ಗ್ಯಾಲಿಪ್ರೂಫ್

ನಾನು ನಿವೃತ್ತ ಉಪಸಂಪಾದಕ. ವಯಸ್ಸು ಎಪ್ಪತ್ತಮೂರು. 1974ರಲ್ಲಿ ಟ್ರೈನಿಯಾಗಿ ಡೆಸ್ಕಿಗೆ ಸೇರಿದೆ, ಮರುವರ್ಷ ಜೂನ್ 25ಕ್ಕೆ ತುರ್ತುಪರಿಸ್ಥಿತಿ. ಆಗಿನ್ನೂ ಅಚ್ಚುಮೊಳೆ ಕಾಲ. ಪುಟ ಕಟ್ಟಿ, ಪ್ರೂಫ್ ತೆಗೆದು, ಅದನ್ನು ಸೆನ್ಸರ್ ಅಧಿಕಾರಿ ಹತ್ತಿರ ಒಯ್ದು ಮುದ್ರೆ ಹಾಕಿಸಿಕೊಂಡು ಬರಬೇಕು. ಆ ಓಡಾಟ ಟ್ರೈನಿ ಹುಡುಗರ ಪಾಲಿಗೆ. ನನ್ನ ಸೈಕಲ್ ಚೈನು ಎಷ್ಟು ಸಲ ಕಳಚಿತೋ ಲೆಕ್ಕವಿಲ್ಲ. ಅಧಿಕಾರಿ ಹೊಡೆದುಹಾಕಿದ ಜಾಗಕ್ಕೆ ತುಂಬಲು ಒಂದಷ್ಟು ಸುದ್ದಿ ಮೊದಲೇ ಜೋಡಿಸಿ ಇಟ್ಟಿರುತ್ತಿದ್ದೆವು: ತೆಂಗಿನ ಕೃಷಿ, ಹಲ್ಲಿನ ಆರೈಕೆ, ಆ ಥರದ್ದು. ಆ 21 ತಿಂಗಳು ಓದುಗರ ಹಲ್ಲು ಬಹಳ ಗಟ್ಟಿಯಾಗಿರಬೇಕು.

ಈಗ ನಿಮ್ಮ ಪ್ರಶ್ನೆಗೆ. ಹುಡುಗಿಯನ್ನು ಕಳಿಸಬೇಡಿ. ನನ್ನ ಮಗನಿಗೂ ಬೇಡ ಅಂದಿದ್ದೆ, ಅವನು ಬ್ಯಾಂಕಿನಲ್ಲಿದ್ದಾನೆ. ಸುಖವಾಗಿದ್ದಾನೆ. ನನಗೆ ಪಿಂಚಣಿ ಅಂತ ಬರುವ ಹಣ ಕೇಳಿದರೆ ನೀವು ನಗುತ್ತೀರಿ.

ನೀವು ಕಂಡ ಸೆನ್ಸರ್ ಬಗ್ಗೆ ಬರೆಯಿರಿ. 2005ರ ಫೆಬ್ರುವರಿ ಸುದ್ದಿ ನಾನು ಡೆಸ್ಕಿನಲ್ಲಿ ಮಾಡಿದ್ದು ನೆನಪಿದೆ. ಏಜೆನ್ಸಿಯಿಂದ ಎರಡು ಪ್ಯಾರಾ ಬಂದಿತ್ತು, ಆಮೇಲೆ ಏನೂ ಇಲ್ಲ.

ಶಿರಸಿ ಅಕ್ಕ

ಗ್ಯಾಲಿ ಸರ್, ನಿಮ್ಮ ಮಗ ಸುಖವಾಗಿರೋದು ಸರಿ, ಆದರೆ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಏನು? ‘ನೀವೆಲ್ಲ ಬರೆದಿದ್ದೇನು’ ಅಂತ ಕೇಳಿದವಳಿಗೆ ಬ್ಯಾಂಕ್ ಪರೀಕ್ಷೆ ಬರಿ ಅನ್ನೋದಾ?

ನಾನು ಸ್ಥಳೀಯ ಪತ್ರಿಕೆಯೊಂದಕ್ಕೆ ಹನ್ನೊಂದು ವರ್ಷದಿಂದ ವರದಿ ಕಳಿಸುತ್ತಿದ್ದೇನೆ. ಸುದ್ದಿಗೆ ಇಷ್ಟು ಅಂತ ಕಾಸು, ಅದರಲ್ಲಿ ಸ್ಕೂಟಿ ಪೆಟ್ರೋಲಿಗೂ ಸಾಲುವುದಿಲ್ಲ. ಮನೆಯಲ್ಲಿ ಅಡಿಕೆ ಇದೆ, ಅದಕ್ಕೇ ನಡೆಯುತ್ತಿದೆ. ಅಡಿಕೆ ಇಲ್ಲದವರು ಜಾಹೀರಾತು ಹಿಡಿದು ಕಮಿಷನ್ನಲ್ಲಿ ಬದುಕಬೇಕು. ಜಾಹೀರಾತು ಕೊಟ್ಟವನ ಮೇಲೆ ಸುದ್ದಿ ಬರೆಯೋದು ಹೇಗೆ? ಇದು ನೇಪಾಳದ ಕತೆ ಮಾತ್ರ ಅಂತ ಯಾರೂ ಅಂದುಕೊಳ್ಳಬೇಡಿ.

ಅಣ್ಣಾ, ನಿಮ್ಮಲ್ಲಿ ಹೆಣ್ಣುಮಕ್ಕಳು ಈ ಕೆಲಸದಲ್ಲಿ ಎಷ್ಟು ಜನ ಇದ್ದಾರೆ? ಹೇಗೆ ನೋಡುತ್ತಾರೆ?

ಪೀಪಲ್‌ಬೋಟ್

ಅಕ್ಕಾ, ಇದ್ದಾರೆ, ಸ್ಕ್ರೀನಿನ ಮೇಲೆ ಬಹಳ, ಸಂಪಾದಕರ ಕುರ್ಚಿಯಲ್ಲಿ ತೀರಾ ಕಡಿಮೆ. ಉಮಾ ಸಿಂಗ್ ಹೆಸರು ಕೇಳಿರಬಹುದು. ಜನಕಪುರದ ಎಫ್‌ಎಂನಲ್ಲಿ ಕೆಲಸ ಮಾಡುತ್ತಿದ್ದಳು. 2009ರ ಜನವರಿಯಲ್ಲಿ ಅವಳು ಬಾಡಿಗೆಗಿದ್ದ ಕೋಣೆಗೇ ಗುಂಪು ಬಂದು ಕೊಚ್ಚಿ ಕೊಂದಿತು. ಆಗ ನನ್ನ ಮಗಳಿಗೆ ಎರಡು ವರ್ಷ. ಹೆಂಡತಿ ‘ಬೇಡ’ ಅನ್ನುವಾಗ ಸಂಬಳದ ಮಾತು ಆಡುತ್ತಾಳೆ. ಮನಸ್ಸಲ್ಲಿ ಇರೋದು ಉಮಾ ಅಂತ ನನಗೆ ಗೊತ್ತು.

ಗ್ಯಾಲಿ ಸರ್ ಕೇಳಿದ್ದಕ್ಕೆ. 2005 ಫೆಬ್ರುವರಿ 1, ಬೆಳಿಗ್ಗೆ ಹತ್ತರ ಹೊತ್ತಿಗೆ ರಾಜ ಜ್ಞಾನೇಂದ್ರ ಟಿವಿಯಲ್ಲಿ ಬಂದರು. ಪ್ರಧಾನಿ ದೇವುಬಾ ಸರ್ಕಾರ ವಜಾ, ಅಧಿಕಾರ ತಮ್ಮ ಕೈಗೆ. ಭಾಷಣ ಮುಗಿದ ಮೇಲೆ ಮನೆಗೆ ಫೋನ್ ಮಾಡೋಣ ಅಂತ ರಿಸೀವರ್ ಎತ್ತಿದರೆ ಸದ್ದೇ ಇಲ್ಲ. ಮೊಬೈಲ್ ಸತ್ತಿತ್ತು, ಇಂಟರ್ನೆಟ್ ಸತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಸೈನಿಕರು ಬಂದರು. ಎಫ್‌ಎಂನಲ್ಲಿ ಸುದ್ದಿ ಓದುವ ಹಾಗಿಲ್ಲ, ಹಾಡು ಮಾತ್ರ. ರಾಜಘೋಷಣೆಯನ್ನು ಟೀಕಿಸುವಂತಿಲ್ಲ, ಆರು ತಿಂಗಳು.

ನಮ್ಮ ಸ್ಟುಡಿಯೋಗೆ ಬಂದವರಲ್ಲಿ ಒಬ್ಬ ನನಗಿಂತ ಚಿಕ್ಕವನು, ಇಪ್ಪತ್ತೆರಡಿರಬಹುದು. ಕಾರ್ಯಕ್ರಮದ ಪಟ್ಟಿ ತೋರಿಸು ಅಂದ. ಹೊಡೆದುಹಾಕಬೇಕು, ಆದರೆ ಅವನ ಹತ್ತಿರ ಪೆನ್ನಿಲ್ಲ. ನನ್ನ ಪೆನ್ನು ಕೊಟ್ಟೆ. ‘ಬೆಳಗಿನ ಸುದ್ದಿ’ ಗೀಚಿದ. ‘ಜಿಲ್ಲೆಗಳಿಂದ’ ಗೀಚಿದ. ‘ಕೃಷಿ ಮಾತು’ ಅಂತ ಇತ್ತು, ಅಲ್ಲಿ ನಿಂತ. ‘ಇದರಲ್ಲಿ ಏನಿರುತ್ತೆ?’ ‘ಗೊಬ್ಬರದ ಬೆಲೆ.’ ಯೋಚಿಸಿ ಅದನ್ನೂ ಗೀಚಿದ. ಅವನ ಮಾತಿನ ಧಾಟಿ ಕೇಳಿ ‘ಯಾವ ಊರು ಭಾಇ’ ಅಂದೆ. ಅಛಾಮ್! ನಮ್ಮ ಜಿಲ್ಲೆಯವನೇ. 2002ರ ಫೆಬ್ರುವರಿಯಲ್ಲಿ ಮಾವೋವಾದಿಗಳು ಜಿಲ್ಲಾ ಕೇಂದ್ರ ಮಂಗಲಸೇನ್ ಮೇಲೆ ದಾಳಿ ಮಾಡಿ ಸೈನಿಕರು, ಪೊಲೀಸರು ಅಂತ ನೂರಕ್ಕೂ ಜಾಸ್ತಿ ಜನರನ್ನು ಕೊಂದಿದ್ದರಲ್ಲ, ಅದರಲ್ಲಿ ಪೊಲೀಸ್ ಆಗಿದ್ದ ಅವನ ಅಣ್ಣನೂ ಇದ್ದ.

ಅವನು ನಮ್ಮಲ್ಲಿ ಇದ್ದ ಅಷ್ಟೂ ದಿನ ದಿನಕ್ಕೊಂದು ದೇಉಡಾ ಹಾಡು ಹಾಕಿದೆ. ನಮ್ಮ ಪಶ್ಚಿಮದವರ ಹಾಡು ಅದು, ಕೈ ಕೈ ಹಿಡಿದು ಸುತ್ತ ಕುಣಿಯುತ್ತಾರೆ. ಅವನು ಬಂದೂಕು ಗೋಡೆಗೆ ಒರಗಿಸಿ ಕೇಳುತ್ತಿದ್ದ. ಹೋಗುವಾಗ ಪೆನ್ನು ವಾಪಸ್ ಕೊಟ್ಟ. ರೀಫಿಲ್ ಮುಗಿದಿತ್ತು.

ಹುಬ್ಬಳ್ಳಿ ಮಂದಿ

ರೀಫಿಲ್ ಮುಗಿದಿತ್ತು ಅಂದ್ರಲ್ಲ, ಅದನ್ನ ಓದಿ ಹಂಗ ಕುಂತೆ ನೋಡ್ರಿ.

ಗ್ಯಾಲಿಪ್ರೂಫ್

ನಮ್ಮ ಹಲ್ಲಿನ ಆರೈಕೆಯ ಹಾಗೆ ನಿಮ್ಮಲ್ಲೂ ಏನಾದರೂ ಇತ್ತಾ?

ಪೀಪಲ್‌ಬೋಟ್

ಇತ್ತು ಸರ್! ಒಂದು ಇಂಗ್ಲಿಷ್ ಪತ್ರಿಕೆ ಕಾಲುಚೀಲದ ಬಗ್ಗೆ ಸಂಪಾದಕೀಯ ಬರೆಯಿತು. ನಿಜವಾಗಿಯೂ ಸಾಕ್ಸ್. ಓದಿದವರಿಗೆಲ್ಲ ಅರ್ಥ ಆಯ್ತು, ಸೆನ್ಸರ್ ಏನೂ ಮಾಡುವ ಹಾಗಿರಲಿಲ್ಲ. ಕೆಲವು ಊರುಗಳಲ್ಲಿ ರೇಡಿಯೋದವರು ಬೀದಿಗೆ ಬಂದು ಜನರ ಮುಂದೆ ಸುದ್ದಿ ಓದಿದರು. ‘ಹಾಡು ಮಾತ್ರ’ ಅಂತ ಅಲ್ವಾ ನಿಯಮ? ಸುದ್ದಿಯನ್ನೇ ಹಾಡಿದವರೂ ಇದ್ದರು.

ರಾಜಾಜಿನಗರ ರಾಜ

ಎಲ್ಲ ಸರಿ, ಆದರೆ ಒಂದು ಮಾತು. ರಾಜ ಇದ್ದಾಗಲೇ ನೇಪಾಳ ಚೆನ್ನಾಗಿತ್ತು. ಹಿಂದೂ ರಾಷ್ಟ್ರ ಅಂತ ಹೆಮ್ಮೆ ಇತ್ತು. 2008ರಲ್ಲಿ ಗಣರಾಜ್ಯ ಮಾಡಿ ಏನು ಸಿಕ್ಕಿತು? ಹತ್ತು ವರ್ಷದಿಂದ ಅದೇ ಮೂರು ಮುದುಕರು ಕುರ್ಚಿ ಆಟ ಆಡಿದರು. ಕೊನೆಗೆ ಮಕ್ಕಳು ಸಂಸತ್ತು ಸುಟ್ಟರು.

ಪೀಪಲ್‌ಬೋಟ್

ಕುರ್ಚಿ ಆಟದ ಮಾತು ನಿಜ. 2015ರ ಅಕ್ಟೋಬರ್‌ನಿಂದ ಓಲಿ, ಪ್ರಚಂಡ, ದೇವುಬಾ ಈ ಮೂವರನ್ನು ಬಿಟ್ಟು ಬೇರೆ ಪ್ರಧಾನಿ ಇರಲಿಲ್ಲ, ಈ ಸೆಪ್ಟೆಂಬರ್‌ವರೆಗೆ. ಯಾರು ಯಾರ ಜತೆ ಸೇರಿ ಸರ್ಕಾರ ಮಾಡಿದ್ದಾರೆ ಅಂತ ಬೆಳಿಗ್ಗೆ ರೇಡಿಯೋ ಹಾಕಿ ನೋಡಬೇಕಿತ್ತು.

ಆದರೆ ರಾಜರ ಕಾಲ ಚೆನ್ನಾಗಿತ್ತು ಅನ್ನೋದು ದೂರದ ಬೆಟ್ಟ ನುಣ್ಣಗೆ ಅಂದ ಹಾಗೆ. 1960ರಿಂದ 1990ರವರೆಗೆ ಪಕ್ಷಗಳೇ ನಿಷೇಧ. ಚೆನ್ನಾಗಿದ್ದಿದ್ದರೆ ನಮ್ಮಪ್ಪ ಹನುಮಂತನಗರದಲ್ಲಿ ಯಾಕೆ ಸೀಟಿ ಊದುತ್ತಿದ್ದರು?

ಮತ್ತೊಂದು. ಈ ವರ್ಷ ಮಾರ್ಚ್ 28ಕ್ಕೆ ಕಾಠ್ಮಂಡುವಿನ ತಿನಕುನೆಯಲ್ಲಿ ರಾಜನ ಪರ ಮೆರವಣಿಗೆ ಆಯ್ತು. ಗಲಾಟೆ, ಬೆಂಕಿ. ಒಂದು ಮನೆಯ ಮೇಲಿನಿಂದ ವಿಡಿಯೋ ತೆಗೆಯುತ್ತಿದ್ದ ಸುರೇಶ್ ರಜಕ್ ಆ ಬೆಂಕಿಯಲ್ಲೇ ಸುಟ್ಟುಹೋದ. ಅವೆನ್ಯೂಸ್ ಟಿವಿಯ ಕ್ಯಾಮೆರಾಮನ್. ಯಾವ ಬಣ್ಣದ ಬಾವುಟ ಬಂದರೂ ಕ್ಯಾಮೆರಾ ಹಿಡಿದವನೇ ಮುಂದೆ ನಿಂತಿರುತ್ತಾನೆ.

ಕೋಡ್ ಕೂಲಿ

ಎರಡು ತಿದ್ದುಪಡಿ, ಯಾಕಂದ್ರೆ ಎಲ್ಲರೂ ತಪ್ಪು ಹೇಳುತ್ತಿರುತ್ತಾರೆ. ಸೆಪ್ಟೆಂಬರ್ 4ಕ್ಕೆ ಓಲಿ ಸರ್ಕಾರ ನಿಷೇಧಿಸಿದ್ದು ನೋಂದಣಿ ಮಾಡಿಸದ 26 ಆ್ಯಪ್‌ಗಳನ್ನು. ಫೇಸ್‌ಬುಕ್, ವಾಟ್ಸಾಪ್, ಯೂಟ್ಯೂಬ್ ಎಲ್ಲ ಅದರಲ್ಲಿ ಬಂತು. ಟಿಕ್‌ಟಾಕ್ ನಿಷೇಧ ಆಗಿರಲಿಲ್ಲ, ಅವರು ನೋಂದಣಿ ಮಾಡಿಸಿದ್ದರು. ಮಂತ್ರಿ ಮಕ್ಕಳ ಐಷಾರಾಮದ ‘ನೆಪೋ ಕಿಡ್’ ವಿಡಿಯೋಗಳೆಲ್ಲ ಓಡಿದ್ದು ಅಲ್ಲೇ. ಅಂದರೆ ಬಾಗಿಲು ಹಾಕಿ ಕಿಟಕಿ ಬಿಟ್ಟಿದ್ದರು.

ಎರಡನೆಯದು, ಆ್ಯಪ್ ಹೋಯ್ತು ಅಂತ ಮಕ್ಕಳು ದಂಗೆ ಎದ್ದರು ಅನ್ನೋದು ಅರ್ಧ ಸತ್ಯ. ಭ್ರಷ್ಟಾಚಾರದ ಸಿಟ್ಟು ಮೊದಲೇ ಇತ್ತು. ಆಮೇಲೆ ಡಿಸ್ಕಾರ್ಡ್‌ನಲ್ಲಿ ಸೇರಿ ಚರ್ಚೆ ಮಾಡಿ ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಹೆಸರು ಮುಂದಿಟ್ಟರು. ಗೇಮ್ ಆಡೋ ಆ್ಯಪ್‌ನಲ್ಲಿ ಪ್ರಧಾನಿ ಹೆಸರು!

ಪ್ರಶ್ನೆ ಪರಮೇಶಿ

ಇದರ ಹಿಂದೆ ಹೊರದೇಶದ ಕೈ ಇದೆ ಅಂತ ಎಲ್ಲೋ ಓದಿದೆ.

ಕೋಡ್ ಕೂಲಿ

ಎಲ್ಲಿ ಓದಿದಿರಿ? ವಾಟ್ಸಾಪ್‌ನಲ್ಲಾ?

ದೋಹಾ ದಿನಚರಿ

ಆ್ಯಪ್ ನಿಷೇಧ ಅಂದರೆ ಏನು ಅಂತ ನಾನು ಕಣ್ಣಾರೆ ಕಂಡೆ. ನಮ್ಮ ಸೈಟಿನಲ್ಲಿ ನೇಪಾಳಿಯರೇ ಜಾಸ್ತಿ. ಶುಕ್ರವಾರ ರಜೆ, ಬೆಳಿಗ್ಗೆ ಎಲ್ಲರೂ ಮೆಟ್ಟಿಲ ಮೇಲೆ ಸಾಲಾಗಿ ಕೂತು ಮನೆಗೆ ವಿಡಿಯೋ ಕಾಲ್ ಮಾಡುತ್ತಾರೆ. ಒಬ್ಬ ಹಸುಗೂಸಿಗೆ ಲಾಲಿ ಹಾಡುತ್ತಿದ್ದರೆ ಪಕ್ಕದವನು ಎಮ್ಮೆ ತೋರಿಸು ಅನ್ನುತ್ತಿರುತ್ತಾನೆ. ಸೆಪ್ಟೆಂಬರ್ 5 ಶುಕ್ರವಾರ. ಸಾಲು ಹಾಗೇ ಕೂತಿತ್ತು, ಫೋನ್ ಸುತ್ತುತ್ತಲೇ ಇತ್ತು. ವೈಬರ್ ನಡೆಯುತ್ತೆ ಅಂತ ಯಾರೋ ಹೇಳಿದರು. ಆದರೆ ಆ ಕಡೆ ಅಮ್ಮನ ಫೋನಿಗೆ ವೈಬರ್ ಹಾಕಿಕೊಡೋದು ಯಾರು?

ಸೋಮವಾರ ಸಂಜೆ ಸತ್ತವರ ಸುದ್ದಿ ಬಂತು. ನನ್ನ ಜತೆ ಕೆಲಸ ಮಾಡುವ ಹುಡುಗನ ತಮ್ಮ ಕಾಠ್ಮಂಡುವಿನಲ್ಲಿ ಓದುತ್ತಿದ್ದ. ಕ್ಷೇಮ ಅಂತ ಗೊತ್ತಾಗೋ ಹೊತ್ತಿಗೆ ಮಂಗಳವಾರ ಮಧ್ಯಾಹ್ನ. ಆ ದೇಶದ ಜಿಡಿಪಿಯ ಕಾಲು ಭಾಗದಷ್ಟು ಇಂಥವರು ಕಳಿಸೋ ದುಡ್ಡು. ಅವರ ಫೋನನ್ನೇ ಕಿತ್ತುಕೊಂಡರು.

ಪೀಪಲ್‌ಬೋಟ್

ದೋಹಾ ಅಣ್ಣಾ, ಇದನ್ನು ನಮ್ಮ ಪತ್ರಿಕೆಗಳು ಎರಡು ಸಾಲಲ್ಲಿ ಮುಗಿಸಿದವು. ನಾನೂ ಸೇರಿ. ಆ ಎಮ್ಮೆ ವಿಷಯ ಇದ್ದಿದ್ದರೆ ನಾನೇ ಮೊದಲ ಪುಟಕ್ಕೆ ಕಳಿಸುತ್ತಿದ್ದೆ.

ಕೊಪ್ಪದ ಕಾಫಿ

ನಮ್ಮ ಬೈಲಕುಪ್ಪೆಯಲ್ಲೂ ಬಹಳ ನೇಪಾಳಿಗಳಿದ್ದಾರೆ ಅಲ್ವಾ, ಚಿನ್ನದ ದೇವಸ್ಥಾನ ಕಟ್ಟಿದ್ದಾರಲ್ಲ.

ಶಿರಸಿ ಅಕ್ಕ

ಅವರು ಟಿಬೆಟಿನವರು ಮಾರಾಯ್ರೆ! ನಮ್ಮ ಮುಂಡಗೋಡಿನಲ್ಲೂ ಇದ್ದಾರೆ. ಕಣ್ಣು ಮೂಗು ನೋಡಿ ದೇಶ ಹೇಳೋದು ಬಿಡಿ.

ಉಡುಪಿ ಕಡೆಯವ

ನೇಪಾಳಕ್ಕೂ ನಮಗೂ ನಿಜವಾದ ನಂಟು ಪಶುಪತಿನಾಥ. ಅಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರು. 2008ರ ಕೊನೆಗೆ ಪ್ರಚಂಡ ಸರ್ಕಾರ ಅವರನ್ನು ತೆಗೆದು ನೇಪಾಳಿ ಅರ್ಚಕರನ್ನು ಹಾಕಲು ಹೊರಟು ದೊಡ್ಡ ಗಲಾಟೆ ಆಗಿ ಹಿಂದೆ ಸರಿಯಿತು. 2009ರ ಸೆಪ್ಟೆಂಬರ್‌ನಲ್ಲಿ ನಮ್ಮವರಿಬ್ಬರಿಗೆ ಹೊಡೆದರು. ನಿಮ್ಮ ಪತ್ರಿಕೆಗಳು ಆಗ ಏನು ಬರೆದವು?

ಪೀಪಲ್‌ಬೋಟ್

ಬರೆದವು. ಎರಡೂ ಕಡೆ ಬರೆದವು. ನೇಪಾಳಿ ಅರ್ಚಕರೇ ಬೇಕು ಅಂದವರೂ ಇದ್ದರು, ಸಂಪ್ರದಾಯ ಮುರಿಯಬೇಡಿ ಅಂದವರೂ ಇದ್ದರು. ಹೊಡೆದದ್ದನ್ನು ಮಾತ್ರ ಎಲ್ಲರೂ ಖಂಡಿಸಿದರು.

ನನ್ನ ವೃತ್ತಿಯಲ್ಲಿ ಕನ್ನಡದಿಂದ ಸಿಕ್ಕ ಒಂದೇ ಒಂದು ಲಾಭ ಆಗಲೇ. ದೇವಸ್ಥಾನದ ಬಾಗಿಲಲ್ಲಿ ಮೂವತ್ತು ಜನ ವರದಿಗಾರರು. ಒಳಗಿನಿಂದ ಒಬ್ಬರು ಹೊರಗೆ ಬಂದಾಗ ನಾನು ‘ಸ್ವಾಮೀ, ಒಂದು ನಿಮಿಷ’ ಅಂದೆ. ತಿರುಗಿ ನೋಡಿದ ಮುಖ ಇನ್ನೂ ಕಣ್ಣ ಮುಂದಿದೆ. ಹತ್ತು ನಿಮಿಷ ಮಾತಾಡಿದರು. ಹೊರಟಾಗ ‘ಊಟ ಆಯ್ತಾ?’ ಅಂತ ಕೇಳಿದರು. ಉಳಿದ ಇಪ್ಪತ್ತೊಂಬತ್ತು ಜನ ನನ್ನನ್ನು ತಿಂದುಹಾಕುವ ಹಾಗೆ ನೋಡಿದರು.

ರಾಜಾಜಿನಗರ ರಾಜ

ಸೆಪ್ಟೆಂಬರ್ 9ರಂದು ಪತ್ರಿಕಾ ಕಚೇರಿಗೂ ಬೆಂಕಿ ಹಾಕಿದರಲ್ಲ, ಅದಕ್ಕೆ ಏನಂತೀರಿ? ನನ್ನ ಕೇಳಿದರೆ ಮಾಧ್ಯಮದವರು ಅದನ್ನು ತಾವೇ ತಂದುಕೊಂಡರು. ಎಲ್ಲ ಪಕ್ಷದ ಬಾಲ.

ಪೀಪಲ್‌ಬೋಟ್

ಈ ಮಾತು ನನ್ನ ಮಗಳೂ ಅಂದಳು. ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಸುಟ್ಟದ್ದು ಕಾಂತಿಪುರ ಕಟ್ಟಡ, ನಮ್ಮ ದೇಶದ ಅತಿ ದೊಡ್ಡ ಖಾಸಗಿ ಮಾಧ್ಯಮ ಸಂಸ್ಥೆ. ಅದೇ ಕಾಂತಿಪುರದ ಸಂಪಾದಕ ಯುವರಾಜ್ ಘಿಮಿರೆಯನ್ನು 2001ರಲ್ಲಿ, ಅರಮನೆ ಹತ್ಯಾಕಾಂಡ ಆಗಿ ವಾರದೊಳಗೆ, ಒಂದು ಲೇಖನ ಹಾಕಿದ್ದಕ್ಕೆ ರಾಜದ್ರೋಹ ಅಂತ ಹಿಡಿದರು. 2024ರ ಮೇನಲ್ಲಿ ಅದರ ಅಧ್ಯಕ್ಷ ಕೈಲಾಶ್ ಸಿರೋಹಿಯಾ ಅವರನ್ನು ಪೌರತ್ವ ಪತ್ರದ ಕೇಸಲ್ಲಿ ಹಿಡಿದರು. ಆಗಿನ ಗೃಹಮಂತ್ರಿ ರವಿ ಲಾಮಿಛಾನೆ ಮೇಲೆ ಆ ಪತ್ರಿಕೆ ಸಹಕಾರಿ ಹಗರಣದ ಸುದ್ದಿ ಸಾಲುಸಾಲಾಗಿ ಬರೆಯುತ್ತಿದ್ದ ಹೊತ್ತು ಅದು. ಲಾಮಿಛಾನೆ ಕೂಡ ಮೊದಲು ಟಿವಿ ಆ್ಯಂಕರ್ರೇ, ಅದು ಬೇರೆ ತಮಾಷೆ. ರಾಜನಿಗೂ ಆಗಲಿಲ್ಲ, ಮಂತ್ರಿಗೂ ಆಗಲಿಲ್ಲ, ಬೀದಿಯ ಹುಡುಗರಿಗೂ ಆಗಲಿಲ್ಲ. ಇವರೆಲ್ಲರ ಬಾಲ ಆಗಿರೋಕೆ ಒಂದೇ ಪತ್ರಿಕೆಗೆ ಆಗುತ್ತಾ?

ಆದರೆ ರಾಜ ಅವರೇ, ನಿಮ್ಮ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ನನ್ನದೇ ಕತೆ ಹೇಳುತ್ತೇನೆ, ಸಂಸ್ಥೆ ಹೆಸರು ಬೇಡ. ಮೂರು ವರ್ಷದ ಹಿಂದೆ ಒಂದು ಉಳಿತಾಯ ಸಹಕಾರಿ ಸಂಘದ ಮೇಲೆ ವರದಿ ಮಾಡಿದೆ. ತರಕಾರಿ ಮಾರುವ ಹೆಂಗಸರು ದಿನಕ್ಕೆ ಐವತ್ತು ನೂರು ಅಂತ ಕಟ್ಟಿದ ದುಡ್ಡು, ವಾಪಸ್ ಕೇಳಿದರೆ ಬಾಗಿಲಿಗೆ ಬೀಗ. ಪಾಸ್‌ಬುಕ್ಕುಗಳ ಫೋಟೋ ತೆಗೆದಿದ್ದೆ, ಒಂದರ ರಟ್ಟಿಗೆ ಅರಿಶಿನ ಅಂಟಿತ್ತು. ಸಂಪಾದಕರು ಓದಿ ‘ಬಹಳ ಚೆನ್ನಾಗಿದೆ, ಎರಡು ದಿನ ತಡಿ ಭಾಇ’ ಅಂದರು. ಆ ಸಂಘದವರದ್ದು ನಮ್ಮಲ್ಲಿ ಹಿಂದಿನ ಪುಟದ ಜಾಹೀರಾತು ಇತ್ತು. ಆ ಎರಡು ದಿನ ಇವತ್ತಿಗೂ ಮುಗಿದಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಮಗಳ ಫೀಸ್ ಕಟ್ಟೋದಿತ್ತು. ಆಮೇಲೆ ಸಂಘ ಮುಳುಗಿತು, ಎಲ್ಲರೂ ಬರೆದರು, ನಾನೂ ಬರೆದೆ.

2005ರಲ್ಲಿ ಸುದ್ದಿ ಗೀಚಿದವನ ಮುಖ ನನಗೆ ಗೊತ್ತಿತ್ತು, ಊರೂ ಗೊತ್ತಿತ್ತು. ಈಗ ಯಾರೂ ಗೀಚುವುದೇ ಇಲ್ಲ. ಸಂಬಳ ತಡವಾಗುತ್ತೆ, ಅಷ್ಟೇ. ಇನ್ನು ವೆಬ್‌ಸೈಟಿನವರಿಗೆ ವಿದ್ಯುನ್ಮಾನ ವ್ಯವಹಾರ ಕಾಯ್ದೆಯ 47ನೇ ಕಲಂ ಅಂತ ಒಂದಿದೆ. ಮಾಡಿದ್ದು ಸೈಬರ್ ಅಪರಾಧಕ್ಕೆ, ಬಳಸೋದು ಸುದ್ದಿ ಬರೆದವರ ಮೇಲೆ. ಐದು ವರ್ಷದವರೆಗೂ ಜೈಲು ಹಾಕಬಹುದು. ಒಂದು ಸಲ ಪೊಲೀಸರಿಂದ ಫೋನ್ ಬಂದರೆ ಸಾಕು, ಮುಂದಿನ ಸಲ ನಮ್ಮ ಕೈಯೇ ಡಿಲೀಟ್ ಬಟನ್ ಹುಡುಕುತ್ತೆ.

ಮಗಳು ಕೇಳಿದಾಗ ಬೇಳೆ ಬಡಿಸಿಕೊಂಡದ್ದು ಇದಕ್ಕೆ. ಸಹಕಾರಿ ಕತೆ ಅವಳಿಗೆ ಹೇಳಿಲ್ಲ.

ಶಿರಸಿ ಅಕ್ಕ

ಹೇಳಿ ಅಣ್ಣಾ. ಕಾಲೇಜು ಆಮೇಲೆ ನೋಡೋಣ, ಮೊದಲು ಇದನ್ನು ಹೇಳಿ.

ಕೋಡ್ ಕೂಲಿ

ಆರ್‌ಎಸ್‌ಎಫ್ ಅನ್ನೋ ಸಂಸ್ಥೆಯ ಪತ್ರಿಕಾ ಸ್ವಾತಂತ್ರ್ಯದ ಪಟ್ಟಿಯಲ್ಲಿ 2024ಕ್ಕೆ ನೇಪಾಳ 74, 2025ಕ್ಕೆ 90. ಒಂದೇ ವರ್ಷಕ್ಕೆ 16 ಸ್ಥಾನ ಕೆಳಗೆ. ಭಾರತ 151. ಅಂದರೆ ಈ ಪ್ರಶ್ನೆ ಕೇಳೋಕೆ ನಮ್ಮ ಹತ್ತಿರ ಬಂದಿದ್ದೇ ತಪ್ಪು, ಸರ್.

ರಾಜಾಜಿನಗರ ರಾಜ

ಆ ಪಟ್ಟಿಗಳನ್ನೆಲ್ಲ ನಂಬೋದಾ? ಭಾರತ ಯಾವಾಗಲೂ ನೇಪಾಳಕ್ಕೆ ಸಹಾಯವನ್ನೇ ಮಾಡಿದೆ. ಭೂಕಂಪದಲ್ಲಿ ಮೊದಲು ಹೋದವರು ಯಾರು?

ಪೀಪಲ್‌ಬೋಟ್

ಸಹಾಯ ಮಾಡಿದಿರಿ, ಯಾರೂ ಮರೆತಿಲ್ಲ. 2015 ಏಪ್ರಿಲ್ 25, ಶನಿವಾರ. ನಮಗೆ ವಾರದ ರಜೆ ಶನಿವಾರ. ಶಾಲೆ ಇರಲಿಲ್ಲ, ಅದಕ್ಕೇ ಇಷ್ಟು ಮಕ್ಕಳು ಉಳಿದರು. ಆದರೂ ಒಂಬತ್ತು ಸಾವಿರದಷ್ಟು ಜನ ಹೋದರು. ನಿಮ್ಮ ಹೆಲಿಕಾಪ್ಟರ್ ಬಂತು, ಜತೆಗೇ ನಿಮ್ಮ ಟಿವಿಯವರೂ ಬಂದರು. ಮನೆ ಬಿದ್ದು ಮಗ ಒಳಗಿರುವ ತಾಯಿಗೆ ಮೈಕ್ ಹಿಡಿದು ‘ಹೇಗನ್ನಿಸುತ್ತಿದೆ’ ಅಂತ ಕೇಳಿದರು. ‘ಭಾರತದ ಮಾಧ್ಯಮಗಳೇ ಮನೆಗೆ ಹೋಗಿ’ ಅಂತ ಟ್ವಿಟರ್ ತುಂಬಿಹೋಯ್ತು.

ಅದೇ ವರ್ಷ ಸೆಪ್ಟೆಂಬರ್ 20ಕ್ಕೆ ಸಂವಿಧಾನ ಬಂತು. ಭಾರತದ ಗಡಿಗೆ ಹತ್ತಿದ ಬಯಲು ಸೀಮೆ ಮಧೇಶದವರ ಪ್ರತಿಭಟನೆ, ಗಡಿಯಲ್ಲಿ ಲಾರಿಗಳು ನಿಂತವು. ಮುಂದಿನ ಫೆಬ್ರುವರಿವರೆಗೆ. ನಾವು ಅದನ್ನು ನಾಕಾಬಂದಿ ಅನ್ನುತ್ತೇವೆ, ನಿಮ್ಮ ಸರ್ಕಾರ ನಾವು ಮಾಡಿಲ್ಲ ಅಂದಿತು. ರಾಜಕೀಯ ಬಿಡಿ, ಅಡುಗೆಮನೆ ಹೇಳುತ್ತೇನೆ. ಗ್ಯಾಸ್ ಸಿಲಿಂಡರ್ ಅರ್ಧ ತುಂಬಿಸಿ ಕೊಡುತ್ತಿದ್ದರು. ಭೂಕಂಪಕ್ಕೆ ಬಿದ್ದ ಮನೆಗಳ ಬಾಗಿಲು, ಕಿಟಕಿ ಒಡೆದು ಅಂಗಳದಲ್ಲಿ ಒಲೆ ಹಚ್ಚಿದೆವು. ನಮ್ಮ ಓನರ್ ಅಮ್ಮ ತಮ್ಮದೇ ಹಳೇ ಮನೆಯ ಕೆತ್ತನೆ ಕಿಟಕಿಯನ್ನು ಎರಡು ದಿನ ಪಕ್ಕಕ್ಕಿಟ್ಟು ನೋಡಿದರು. ಮೂರನೇ ದಿನ ಅದರ ಮೇಲೂ ಅನ್ನ ಬೆಂದಿತು.

ರಾಜಾಜಿನಗರ ರಾಜ

ನಾಕಾಬಂದಿ ಮಾಡಿದ್ದು ನಿಮ್ಮ ಮಧೇಶಿಗಳೇ. ಎಲ್ಲದಕ್ಕೂ ಭಾರತವನ್ನು ಬೈಯೋದು ನಿಮ್ಮ ಅಭ್ಯಾಸ.

ಹುಬ್ಬಳ್ಳಿ ಮಂದಿ

ಅವ್ರು ಕಿಟಕಿ ಬಗ್ಗೆ ಹೇಳಾಕತ್ತಾರ, ನೀವು ಬ್ಯಾರೇನ ಹೇಳಾಕತ್ತೀರಿ.

ನಿರ್ವಾಹಕ

ರಾಜ ಅವರೇ, ಪೀಪಲ್‌ಬೋಟ್ ಅವರೇ, ಗಡಿ ವಿಚಾರಕ್ಕೆ ಬೇರೆ ಎಳೆ ತೆಗೆಯಿರಿ. ಇಲ್ಲಿ ಹುಡುಗಿಯ ಓದಿನ ಮಾತು.

ಮಾನಸ ಗಂಗೆ

ನಿರ್ವಾಹಕರ ಮಾತಿಗೆ ಬೆಲೆ ಕೊಟ್ಟು ಓದಿನ ಬಗ್ಗೆ. ನಾನು ಮೈಸೂರಲ್ಲಿ ಪತ್ರಿಕೋದ್ಯಮ ಓದಿದವಳು. ಪದವಿಯಲ್ಲಿ ಬರೀ ಪತ್ರಿಕೋದ್ಯಮಕ್ಕಿಂತ ಅರ್ಥಶಾಸ್ತ್ರವೋ ಇತಿಹಾಸವೋ ಜತೆಗೆ ಇರಲಿ. ಬರೆಯೋದು ಕೆಲಸದಲ್ಲೇ ಬರುತ್ತೆ, ಬಜೆಟ್ ಓದೋದು ಬರಲ್ಲ. ನಿಮ್ಮಲ್ಲಿಯ ಹನ್ನೆರಡನೇ ತರಗತಿಗೆ ಸಮಾನತೆ ಪತ್ರ ಕೇಳಬಹುದು, ಮೊದಲೇ ವಿಚಾರಿಸಿ. ಹುಟ್ಟಿದ ದಿನಾಂಕ ಎಲ್ಲ ಕಡೆ ಒಂದೇ ಇದೆಯಾ ನೋಡಿಕೊಳ್ಳಿ. ನನ್ನ ಸಹಪಾಠಿಯೊಬ್ಬಳು ಪೊಖರಾದವಳು, ಅವಳ ಒಂದು ಸರ್ಟಿಫಿಕೇಟಿನಲ್ಲಿ ವಿಕ್ರಮ ಸಂವತ್ ತಾರೀಖು ಇತ್ತು. ಆಫೀಸಿನವರು ‘ಏನಮ್ಮಾ, ನೀನು ಇನ್ನೂ ಹುಟ್ಟೇ ಇಲ್ಲ’ ಅಂದರು.

ಪೀಪಲ್‌ಬೋಟ್

ಹಹಹ. ನಮ್ಮಲ್ಲಿ ಈಗ 2082. ಗಡಿಯಾರವೂ ನಿಮಗಿಂತ ಕಾಲು ಗಂಟೆ ಮುಂದೆ. ಖರ್ಚಿನ ಲೆಕ್ಕ ಮಾತ್ರ ಮರೆಯೋಕೆ ಬಿಡಲ್ಲ, ನಿಮ್ಮ ಒಂದು ಲಕ್ಷ ನಮಗೆ ಒಂದು ಲಕ್ಷ ಅರವತ್ತು ಸಾವಿರ.

ಗ್ಯಾಲಿಪ್ರೂಫ್

ನಿನ್ನೆ ‘ಕಳಿಸಬೇಡಿ’ ಅಂದಿದ್ದೆ. ರಾತ್ರಿ ನಿಮ್ಮ ಸಹಕಾರಿ ಸಂಘದ ಕತೆ ಎರಡು ಸಲ ಓದಿದೆ. ನನ್ನ ಹತ್ತಿರವೂ ಅಂಥ ಒಂದು ಇದೆ, 1983ರದು, ನನ್ನ ಹೆಂಡತಿಗೂ ಹೇಳಿಲ್ಲ. ಇಲ್ಲೂ ಹೇಳುವುದಿಲ್ಲ. ನನ್ನ ಅಭಿಪ್ರಾಯ ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಅವಳಿಗೆ ಟೈಲರಿಂಗೋ ಅನುವಾದವೋ ಇನ್ನೊಂದು ಕಸುಬು ಕಲಿಸಿ. ಹೊಟ್ಟೆಗೆ ಬೇರೆ ದಾರಿ ಇದ್ದರೆ ‘ಎರಡು ದಿನ ತಡಿ’ ಅಂದವನಿಗೆ ತಿರುಗಿ ಮಾತಾಡಬಹುದು.

ಪ್ರಶ್ನೆ ಪರಮೇಶಿ

ಸರಿ, 125ಕ್ಕೆ 97 ನಂಬಿದೆ. ನನಗೆ ಬಂದದ್ದು 61.

ಪೀಪಲ್‌ಬೋಟ್ · 28 ಅಕ್ಟೋಬರ್, ರಾತ್ರಿ 9.40

ಎಲ್ಲರಿಗೂ ವಂದನೆ. ನಿನ್ನೆ ರಾತ್ರಿ ಈ ಮಾತುಕತೆಯನ್ನೆಲ್ಲ ಮಗಳಿಗೆ ನೇಪಾಳಿಯಲ್ಲಿ ಓದಿ ಹೇಳಿದೆ. ಸಹಕಾರಿ ಕತೆ ಬಂದಾಗ ದಾಟಿಸೋಣ ಅನ್ನಿಸಿತು, ದಾಟಿಸಲಿಲ್ಲ. ಅವಳು ಏನೂ ಅನ್ನಲಿಲ್ಲ. ‘ಆ ಪಾಸ್‌ಬುಕ್ ಫೋಟೋ ಈಗಲೂ ಇದೆಯಾ?’ ಅಂತ ಕೇಳಿದಳು. ಇದೆ. ಹಳೇ ಹಾರ್ಡ್ ಡಿಸ್ಕ್ ಹುಡುಕಿ ಕೊಟ್ಟೆ, ರಾತ್ರಿ ಎಲ್ಲ ನೋಡುತ್ತಾ ಕೂತಿದ್ದಳು.

ಬೆಳಿಗ್ಗೆ ಎರಡು ತಿದ್ದುಪಡಿ ಕೊಟ್ಟಿದ್ದಾಳೆ, ಇಲ್ಲಿ ಹಾಕಲೇಬೇಕಂತೆ. ಸೆಪ್ಟೆಂಬರ್ 8ರಂದು ಶೂ ಇಲ್ಲದಿದ್ದದ್ದು ಎಡಗಾಲಲ್ಲಿ ಅಲ್ಲ, ಬಲಗಾಲಲ್ಲಿ. ಮನೆಗೆ ಬಂದದ್ದು ನಾಲ್ಕಕ್ಕಲ್ಲ, ಐದಕ್ಕೆ ಹತ್ತು ನಿಮಿಷ ಇದ್ದಾಗ. ‘ನನ್ನನ್ನು ಕೇಳಿ ಬರೆಯಬೇಕಿತ್ತು’ ಅಂದಳು.

ಗ್ಯಾಲಿಪ್ರೂಫ್

ಹೆಣ್ಣುಮಗಳು ಡೆಸ್ಕಿಗೆ ಬೇಕು. ಮಾನಸ ಗಂಗೆ ಮೇಡಂ, ಅರ್ಜಿ ಯಾವಾಗಿಂದ ಕೊಡುತ್ತಾರೆ?

ಮಾನಸ ಗಂಗೆ

ಫಲಿತಾಂಶ ಬಂದ ಮೇಲೆ ಸರ್. ವಿಚಾರಿಸಿ ಇಲ್ಲೇ ಹಾಕುತ್ತೇನೆ.

ಪೀಪಲ್‌ಬೋಟ್

ಹೆಂಡತಿ ಇನ್ನೂ ಹೂಂ ಅಂದಿಲ್ಲ. ಮಾರ್ಚ್ 5ಕ್ಕೆ ಚುನಾವಣೆ ಇದೆ, ಅದು ಮುಗಿಯಲಿ ಅಂದಿದ್ದಾಳೆ. ಆದರೆ ಸಂಜೆ ಪಾತ್ರೆ ತೊಳೆಯುತ್ತಾ ಕೇಳಿದಳು, ಮೈಸೂರಲ್ಲಿ ಎರಡು ಹೊತ್ತೂ ಅನ್ನ ಕೊಡುವ ಪಿಜಿ ಇದೆಯಾ, ಚಪಾತಿ ಕೊಟ್ಟರೆ ಇವಳು ಮುಟ್ಟಲ್ಲ ಅಂತ. ಗೊತ್ತಿರುವವರು ಹೇಳಿ.

ಹುಬ್ಬಳ್ಳಿ ಮಂದಿ

ಮೈಸೂರಾಗ ಅನ್ನಕ್ಕೇನು ಬರ ರೀ. ರೊಟ್ಟಿ ಕೇಳಿದ್ರ ಕಷ್ಟ.